ಮೂರು ಚುಕ್ಕಿಯ ಮಷೀನು

ಮಿಸ್ತ್ರಿ ತೀರಿಕೊಂಡ ಹನ್ನೆರಡನೆಯ ದಿನ ಅವರ ಹೆಂಡತಿ ನನ್ನನ್ನು ಕರೆಸಿ ಶೆಡ್ಡಿನ ಬೀಗದ ಕೈ ಕೊಟ್ಟರು.

"ನೀವೇ ನೋಡ್ರಿ ರೈಟ್ರೇ. ಯಾವುದು ಯಾವ ಊರಿಂದ ಬಂತು ಅಂತ ಬರೆದೋರು ನೀವು. ಮೂವತ್ನಾಲ್ಕು ಸವತೇರನ್ನ ತಂದು ಮನೆ ತುಂಬಿಸಿ, ತಾವು ಎದ್ದು ಹೋದ್ರು" ಎಂದರು. ಗಂಡ ಇದ್ದಾಗ ಈ ಸವತಿಯರ ಮಾತನ್ನು ಅವರು ದಿನಕ್ಕೊಮ್ಮೆಯಾದರೂ ಆಡುತ್ತಿದ್ದರು, ಮಿಸ್ತ್ರಿಗೆ ಕೇಳಿಸಲೆಂದೇ ಗಟ್ಟಿಯಾಗಿ. ಅಂದೂ ನಗುತ್ತಲೇ ಶುರು ಮಾಡಿದರು. ಮುಗಿಸುವಾಗ ನಗು ಇರಲಿಲ್ಲ.

ಶೆಡ್ಡಿನೊಳಗೆ ಹೋಗಿ ಎಣಿಸಿದೆ. ಮೂವತ್ನಾಲ್ಕು ಮಷೀನು ಸರಿಯಾಗಿವೆ. ಮಷೀನಿಗೊಂದರಂತೆ ಬರೆದ, ನನ್ನ ಹತ್ತಿರ ಇರುವ ಚೀಟಿಗಳು ಮಾತ್ರ ಮೂವತ್ತೈದು. ಒಂದು ಚೀಟಿ ಹೆಚ್ಚು ಏಕಿದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಷೀನು ಎಂದರೆ ಮರ ಕೊಯ್ಯುವ ಮಷೀನು. ಪೆಟ್ರೋಲಿನಲ್ಲಿ ಓಡುವ ಚೈನ್ ಗರಗಸ. ಈಗ ಬರುವ ಹಗುರದವಲ್ಲ. ಮೊದಮೊದಲು ನಮ್ಮ ಕಡೆಗೆ ಬಂದ, ಇಬ್ಬರು ಎತ್ತಿದರೂ ಸೊಂಟ ಹಿಡಿಯುವಂಥವು. ಮಿಸ್ತ್ರಿ ಚನ್ನಗಿರಿಯ ಬಸ್ ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದವರು. ಪಂಪಿನ ಜೊತೆಗೆ ಇವನ್ನೂ ರಿಪೇರಿ ಮಾಡುತ್ತಿದ್ದರು. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ ಮೇಲೆ ಹಳೆಯ ಮಷೀನುಗಳನ್ನು ಹುಡುಕಿಕೊಂಡು ಊರೂರು ತಿರುಗಲು ಶುರು ಮಾಡಿದರು. ಒಂದು ಬೆಳಿಗ್ಗೆ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ನನ್ನ ಮೇಜಿನ ಮುಂದೆ ಬಂದು ನಿಂತರು. ನಾನು ಅಲ್ಲಿ ಕ್ರಯಪತ್ರ, ಕರಾರುಪತ್ರ ಬರೆಯುವ ರೈಟರು.

"ರೈಟ್ರೇ, ಹಳೇ ಮಷೀನು ಹೊತ್ಕೊಂಡು ಬಸ್ಸಿನಾಗೆ ಬಂದ್ರೆ ಕದ್ದದ್ದು ಅಂತಾರೆ. ಒಂದು ಚೀಟಿ ಬೇಕು. ಕೊಟ್ಟೋರ ಸಹಿ, ತಗೊಂಡೋನ ಸಹಿ, ಸಾಕ್ಷಿ ಸಹಿ. ಭಾನುವಾರ ನಿಮ್ಮ ಕಚೇರಿ ಇರಲ್ಲ. ನನ್ನ ಜೊತೆ ಬರ್ತೀರಾ?"

ಆರು ವರ್ಷ ಭಾನುವಾರಗಳಲ್ಲಿ ಅವರ ಜೊತೆ ಹೋದೆ. ಮೂವತ್ತೈದು ಚೀಟಿಗಳಲ್ಲೂ ಸಾಕ್ಷಿ ನಾನೇ.

ಚೀಟಿಯಲ್ಲಿ ಏನು ಬರೆಯಬೇಕೆಂದು ಅವರೇ ಹೇಳುತ್ತಿದ್ದರು. ಮಷೀನು ಯಾವಾಗ ತಂದದ್ದು, ಯಾರು ಯಾರು ಹಿಡಿದರು, ಕಡೆಗೆ ಕೊಯ್ದ ಮರ ಯಾವುದು. ಈ ಕೊನೆಯದನ್ನು ಬಿಡುವಂತಿರಲಿಲ್ಲ. ಕೊಡುವವರು ತಲೆ ಕೆರೆದುಕೊಂಡು, ಒಳಗಿದ್ದ ಹೆಂಡತಿಯನ್ನು ಕೂಗಿ, "ಆ ಬೇವಿನ ಮರ ಕೊಯ್ದದ್ದು ಮೊದಲೋ, ಸಾಲೀ ಮುಂದಿನ ಗೋಣಿ ಮರ ಕೊಯ್ದದ್ದು ಮೊದಲೋ" ಎಂದು ಜಗಳವಾಡಿ ಕೊನೆಗೊಂದು ಮರ ಹೇಳುತ್ತಿದ್ದರು. ನಾನು ಬರೆಯುತ್ತಿದ್ದೆ. "ಸುಮಾರು ಅಂತ ಬರೀಬ್ಯಾಡ್ರಿ" ಎನ್ನುತ್ತಿದ್ದರು ಮಿಸ್ತ್ರಿ. "ನೆನಪಿಲ್ಲ ಅಂದ್ರೆ ನೆನಪಿಲ್ಲ ಅಂತ ಬರೀರಿ."

ಅವರ ಕೈಯನ್ನು ನೋಡಬೇಕಿತ್ತು. ಮಷೀನನ್ನು ಮುಟ್ಟುವ ಮೊದಲು ಮನೆಯವರ ಮುಖ ನೋಡಿ "ಮುಟ್ಟಲಾ?" ಎಂದು ಕೇಳುವರು, ಯಾರದೋ ಕರುವನ್ನು ಮುಟ್ಟುವ ಹಾಗೆ. ಮೊದಲ ಕೆಲಸ ಪ್ಲಗ್ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಳ್ಳುವುದು. "ಹಲ್ಲು ಕಿತ್ತ ಮ್ಯಾಲೆ ಮಾತಾಡಾಣ" ಎನ್ನುವರು. ಹೆಂಡತಿ ಎಷ್ಟು ತಿಕ್ಕಿದರೂ ಆ ಜೇಬಿನ ಕರಿ ಹೋಗುತ್ತಿರಲಿಲ್ಲ. ಆಮೇಲೆ ಪೆಟ್ರೋಲ್ ಮುಚ್ಚಳ ತಿರುವಿ ಮೂಗಿಗೆ ಹಿಡಿದು, "ಎರಡು ಮಳೆಗಾಲ ಆಗೈತೆ ಇದು ಓಡಿ" ಎಂದರೆ ಅಷ್ಟೇ ಆಗಿರುತ್ತಿತ್ತು. ಪ್ಲಗ್ ಇಲ್ಲದ ಮಷೀನು ಓಡುವುದಿಲ್ಲ ಎಂದು ಗೊತ್ತಿದ್ದೂ ನನ್ನನ್ನು ಅದರ ಚೈನು ಓಡುವ ಪಟ್ಟಿಯ ಎದುರಿಗೆ ನಿಲ್ಲಲು ಬಿಡುತ್ತಿರಲಿಲ್ಲ. ತೋಳು ಹಿಡಿದು ಪಕ್ಕಕ್ಕೆ ಸರಿಸುವರು. ತಂದ ಮಷೀನುಗಳಲ್ಲಿ ಒಂದನ್ನೂ ಅವರು ಓಡಿಸಲಿಲ್ಲ. ಪ್ಲಗ್ಗುಗಳೆಲ್ಲ ಉಪ್ಪಿನಕಾಯಿ ಜಾಡಿಯೊಂದರಲ್ಲಿ ಇದ್ದವು. ಈಗಲೂ ಇವೆ.

ಕೆರೆಬಿಳಚಿಯಲ್ಲಿ ಒಂದು ಮಷೀನು ಕೋಳಿಗೂಡಿನೊಳಗಿತ್ತು. ಅದರ ಮೇಲೆ ಹುಲ್ಲು ಹಾಕಿಕೊಂಡು ಕೋಳಿ ಕಾವಿಗೆ ಕೂತಿತ್ತು. ಮಿಸ್ತ್ರಿ ಕೈ ಚಾಚಿದ್ದೇ ತಡ, ಆ ಮನೆಯ ಅಜ್ಜಿ ಮೊರ ಹಿಡಿದುಕೊಂಡೇ ಬಂದಳು.

"ಎಬ್ಬಿಸಿದ್ರೆ ನೋಡ್ರಿ ಮತ್ತೆ! ನಿನ್ನೆ ಕೂತೈತೆ ಅದು."

"ಎಷ್ಟು ದಿನ ಬೇಕವ್ವಾ?"

"ಇಪ್ಪತ್ತೊಂದು. ನಿಮ್ಮ ತಾಯಿ ಒಂಬತ್ತು ತಿಂಗಳು ಕಾದಿಲ್ಲೇನು?"

ಮಿಸ್ತ್ರಿ ನನ್ನ ಕಡೆ ತಿರುಗಿ, "ಬರಕೊಳ್ರಿ. ಮರಿ ಒಡೆದ ಮ್ಯಾಲೆ ಒಪ್ಪಿಸತಕ್ಕದ್ದು" ಎಂದರು. ಹಾಗೆಯೇ ಬರೆದೆ. ಇಪ್ಪತ್ತೆರಡನೆಯ ದಿನ ಹೋದಾಗ ಅಜ್ಜಿ ಎಂಟು ಮರಿ ತೋರಿಸಿ, ಅದರಲ್ಲಿ ಒಂದನ್ನು ಮಿಸ್ತ್ರಿಯ ಚೀಲಕ್ಕೇ ಹಾಕಿದಳು.

ಸಾಸ್ವೆಹಳ್ಳಿಯಲ್ಲಿ ಸಿಕ್ಕಿದ್ದು ಹೊಳೆಯೊಳಗೆ. ಅಲ್ಲಿ ಒಬ್ಬ ತನ್ನ ತೆಪ್ಪ ಹರಿದುಹೋಗದಂತೆ ಮಷೀನಿಗೆ ಹಗ್ಗ ಕಟ್ಟಿ ನೀರಿಗೆ ಇಳಿಬಿಟ್ಟಿದ್ದ. "ತೂಕ ಐತಲ್ರಿ, ಇನ್ನೇನು ಬೇಕು?" ಎಂದ. ಮಿಸ್ತ್ರಿ ಮುಂದಿನ ಭಾನುವಾರ ಹಳೆಯ ಪಂಪಿನ ಚಕ್ರವೊಂದನ್ನು ಹೊನ್ನಾಳಿಯವರೆಗೆ ಬಸ್ಸಿನಲ್ಲಿ, ಅಲ್ಲಿಂದ ಆಟೋದಲ್ಲಿ ತಂದು, ಅದನ್ನು ಹಗ್ಗಕ್ಕೆ ಕಟ್ಟಿ, ತೆಪ್ಪ ನಿಲ್ಲುವುದನ್ನು ನೋಡಿ, ಆಮೇಲೆ ಮಷೀನು ತೆಗೆದುಕೊಂಡರು. ಅದರ ಹೊಟ್ಟೆಯೊಳಗಿನ ಹೊಳೆಯ ಮಣ್ಣು ತೆಗೆಯಲು ಅವರಿಗೆ ಒಂದು ತಿಂಗಳು ಹಿಡಿಯಿತು.

ಪ್ರತಿ ಮನೆಯಲ್ಲೂ ಅವರು ಇನ್ನೊಂದು ಕೆಲಸ ಮಾಡುತ್ತಿದ್ದರು. ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಒಂದು ತುಂಡನ್ನು ತೆಗೆಯುವರು. ಅಂಗೈಗಿಂತ ಸ್ವಲ್ಪ ಉದ್ದ, ಬಗ್ಗಿದ ಲೋಹದ್ದು, ಕೆಳಗೆ ಎರಡು ತೂತು. ಅದನ್ನು ಮಷೀನಿನ ಮುಂದಿನ ಹಿಡಿಯ ಹತ್ತಿರ ಹಿಡಿದು ನೋಡುವರು. ಕೂರುತ್ತಿರಲಿಲ್ಲ. ಹಿಡಿಯ ಬುಡವನ್ನು ಹೆಬ್ಬೆರಳಿನಿಂದ ಸವರುವರು. ಮತ್ತೆ ಬಟ್ಟೆ ಸುತ್ತಿ ಚೀಲಕ್ಕೆ ಹಾಕಿ, ಮಷೀನನ್ನು ಕೊಂಡುಕೊಳ್ಳುವರು. ಇದು ಅವರ ಅಳತೆಯ ಸಾಮಾನು ಎಂದು ನಾನು ತಿಳಿದಿದ್ದೆ.

ಅದೇನೆಂದು ಕೇಳಿದ್ದು ಮೂರನೆಯ ವರ್ಷ, ನ್ಯಾಮತಿಯಿಂದ ವಾಪಸು ಬರುವಾಗ. ಹೊನ್ನಾಳಿಯಲ್ಲಿ ಬಸ್ಸು ತಪ್ಪಿ ಸೇತುವೆಯ ತುದಿಯಲ್ಲಿ ಕೂತಿದ್ದೆವು. ಮಧ್ಯಾಹ್ನ ಮೂರರ ಬಿಸಿಲು.

"ಇದು ಗಾರ್ಡು ರೈಟ್ರೇ" ಎಂದರು. "ಕೈ ಮುಂದೆ ಇರ್ತೈತೆ. ಮಷೀನು ತಿರುಗಿ ಮೈಮ್ಯಾಲೆ ಬಂತು ಅಂದ್ರೆ ಕೈ ಇದಕ್ಕೆ ಬಡೀತೈತೆ, ಚೈನು ಅಲ್ಲೇ ನಿಲ್ತೈತೆ. ಬ್ರೇಕು. ಮರ ಕೊಯ್ಯೋರಿಗೆ ಇದು ಅಂದ್ರೆ ಕಿರಿಕಿರಿ. ಕೊಂಬಿಗೆ ತಗಲಿದ್ರೂ ನಿಂತುಬಿಡ್ತೈತೆ. ತೆಗೆದುಕೊಡು ಅಂತಿದ್ರು."

ಬಹಳ ಹಿಂದೆ ನ್ಯಾಮತಿ ಕಡೆಯವನೊಬ್ಬ ಬಂದು ಹಾಗೆ ಕೇಳಿದ್ದ. ಇವರು ತೆಗೆದುಕೊಟ್ಟಿದ್ದರು. ತಾವು ಕೈಹಾಕಿದ ಮಷೀನಿಗೆಲ್ಲ ಹಿಡಿಯ ಬುಡದಲ್ಲಿ ಪಂಚ್ ಉಳಿಯಿಂದ ಮೂರು ಚುಕ್ಕಿ ಹೊಡೆಯುವುದು ಇವರ ರೂಢಿ; ಅದಕ್ಕೂ ಹೊಡೆದರು. ಗಾರ್ಡು ಅಂಗಡಿಯಲ್ಲೇ ಉಳಿಯಿತು. ಎಂಟು ದಿನದ ಮೇಲೆ ಟೀ ಅಂಗಡಿಯಲ್ಲಿ ಯಾರೋ ಹೇಳಿದರು, ನ್ಯಾಮತಿ ಕಡೆ ಮರ ಕೊಯ್ಯುವವನೊಬ್ಬನಿಗೆ ಮಷೀನು ತಿರುಗಿ ಹೊಡೆಯಿತಂತೆ, ಉಳಿಯುವುದಿಲ್ಲವಂತೆ.

"ಅವನೇನಾ?" ಎಂದು ಕೇಳಿದೆ.

"ಗೊತ್ತಿಲ್ಲ. ಹೆಸರು ಬರಕೊಂಡಿರಲಿಲ್ಲ. ಹೋಗಿ ಕೇಳಲೂ ಇಲ್ಲ. ಅರ್ಧ ಲೋಟ ಟೀ ಅಲ್ಲೇ ಬಿಟ್ಟು ಅಂಗಡಿಗೆ ಬಂದೆ, ಪಂಪು ಬಿಚ್ಚಿದೆ." ಗಾರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. "ಮನುಷ್ಯನ್ನ ಹುಡುಕಾಕೆ ನನಗೆ ಧೈರ್ಯ ಇಲ್ಲ ರೈಟ್ರೇ. ಅದಕ್ಕೇ ಮಷೀನು ಹುಡುಕ್ತಿದೀನಿ. ಅದು ಸಿಕ್ಕಿದ್ರೆ ಅದರ ಮನೆಯೋರು ಸಿಗ್ತಾರೆ. ಅವನೋ ಅಲ್ಲೋ ತಿಳೀತೈತೆ."

"ಅದಲ್ಲದ ಮಷೀನುಗಳನ್ನೆಲ್ಲ ಯಾಕೆ ಕೊಳ್ತೀರಿ?"

"ಅವು ಇನ್ನೊಬ್ಬರ ಕೈಗೆ ಹೋಗೋದು ಯಾಕೆ" ಎಂದರು. ಬಸ್ಸು ಬಂತು.

ಆ ದಿನದಿಂದ ಪ್ರತಿ ಮನೆಯಲ್ಲೂ ಅವರ ಹೆಬ್ಬೆರಳನ್ನೇ ನೋಡುತ್ತಿದ್ದೆ.

ಮರುವರ್ಷ ಜಗಳೂರಿನ ಹೋಟೆಲಿನಲ್ಲಿ, ಬಳ್ಳಾರಿ ಜಾಲಿ ಕೊಯ್ಯುವವನೊಬ್ಬ ನಮ್ಮ ಮಾತು ಕೇಳಿ ನಕ್ಕ. "ಬಿಳಿಚೋಡಿಗೆ ಹೋಗ್ರಿ. ಅಲ್ಲೊಬ್ಬ ಅಜ್ಜ ಮಷೀನನ್ನ ದೇವ್ರು ಮಾಡಿ ಕೂರ್ಸ್ಯಾನೆ. ಕೆಲಸ ಇಲ್ಲ, ಪೂಜೆ ಮಾತ್ರ."

ಆ ಮನೆಗೆ ಹೋದ ದಿನ ನಡೆದದ್ದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಮೊದಲಿಂದ ಕೊನೆಯವರೆಗೆ ಬರೆದು ನೋಡಿದ್ದೇನೆ. ಕಂಡದ್ದು, ಕೇಳಿದ್ದು ಇಷ್ಟು.

ಅಜ್ಜ ಮಗಳ ಮನೆಯ ಕಟ್ಟೆಯ ಮೇಲೆ ಶಾಲು ಹೊದ್ದು ಕೂತಿದ್ದ. ಎದುರಿಗೆ ಕುರಿಗಳ ಹಟ್ಟಿ. ಮಷೀನು ನಡುಮನೆಯ ಗೂಡಿನಲ್ಲಿತ್ತು. ಪ್ರತಿ ಮಹಾನವಮಿಗೆ ನೇಗಿಲು, ಕುಡುಗೋಲಿನ ಜೊತೆ ಅದಕ್ಕೂ ಬಣ್ಣ ಬಳಿದು ವಿಭೂತಿ ಹಚ್ಚುತ್ತಿದ್ದರು. ಆ ವರ್ಷದ್ದು ನೀಲಿ. ಬಣ್ಣದ ಮೇಲೆ ಬಣ್ಣ ಕೂತು, ಮಷೀನು ಬೆಲ್ಲದ ಅಚ್ಚಿನ ಹಾಗೆ ನುಣ್ಣಗಾಗಿತ್ತು. ಬೋಲ್ಟು ಯಾವುದು, ತೂತು ಯಾವುದು ತಿಳಿಯುತ್ತಿರಲಿಲ್ಲ. ಮಿಸ್ತ್ರಿ ಗಾರ್ಡು ಹಿಡಿದು ನೋಡಿದರು. ಕೂರಲಿಲ್ಲ. ಬುಡ ಸವರಿದರು. ಏನೂ ಸಿಗಲಿಲ್ಲ. "ಬಿಚ್ಚಿ ನೋಡಲಾ ಯಜಮಾನ್ರೆ?" ಎಂದರು.

"ಪೂಜೆ ಮಾಡಿದ್ದು. ಬ್ಯಾಡ."

ಮಗಳು ಟೀ ತಂದಳು. ಅಜ್ಜ ಸಾಸರನ್ನು ಕಟ್ಟೆಯ ಮೇಲೆ ಇಟ್ಟು, ಬಲಗೈಯಿಂದ ಕಪ್ಪು ಎತ್ತಿ ಸುರಿದು, ಕಪ್ಪು ಕೆಳಗಿಟ್ಟು, ಆಮೇಲೆ ಸಾಸರು ಎತ್ತಿ ಕುಡಿದ. ಎಡಗೈ ಶಾಲಿನೊಳಗೇ ಇತ್ತು.

"ಯಾವೂರ್ರಿ ನಿಮ್ಮದು?"

"ಚನ್ನಗಿರಿ."

"ಏನು ಮಾಡ್ಕೊಂಡಿದ್ರಿ?"

"ಪಂಪ್‌ಸೆಟ್ ರಿಪೇರಿ."

ಅಜ್ಜ ಮಿಸ್ತ್ರಿಯ ಕೈಯಲ್ಲಿದ್ದ ಗಾರ್ಡನ್ನು ನೋಡಿದ. ಆಮೇಲೆ ಮುಖ ನೋಡಿದ. "ಬಸ್ ಸ್ಟ್ಯಾಂಡ್ ಹಿಂದ್ಗಡೆದಾ?"

"ಹೌದ್ರಿ. ಬಂದಿದ್ರಾ?"

"ಆವಾಗ ಎಲ್ಲಾರೂ ಬರ್ತಿದ್ರಲ್ಲ." ಶಾಲು ಸರಿಮಾಡಿಕೊಂಡು ಕೇಳಿದ, "ಇವನ್ನೆಲ್ಲ ಎದಕ್ಕೆ ಹುಡುಕ್ತೀರಿ?"

"ಹಳೇ ಮಷೀನು ಅಂದ್ರೆ ಪ್ರೀತಿ. ಕೂಡಿಸಿ ಇಡಾಕೆ." ಎಲ್ಲರಿಗೂ ಅವರು ಹೇಳುತ್ತಿದ್ದುದು ಇದನ್ನೇ.

"ಅಷ್ಟೇನಾ?"

"ಅಷ್ಟೇ."

"ಹಂಗಾದ್ರೆ ಇದು ಇಲ್ಲೇ ಇರಲಿ" ಎಂದ ಅಜ್ಜ.

ದಾವಣಗೆರೆಗೆ ಬರುವ ದಾರಿಯಲ್ಲಿ ಮಿಸ್ತ್ರಿ, "ಅದು ಬ್ರೇಕು ಇಲ್ಲದ ಮಾಡೆಲ್ ಇರಬೇಕು" ಎಂದರು. ಇರಬಹುದು ಎಂದೆ. ಅಜ್ಜ ಸಾಸರನ್ನು ಕೆಳಗಿಟ್ಟು ಟೀ ಸುರಿದುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಕಂಡದ್ದನ್ನು ಹೊನ್ನಾಳಿಯ ಸೇತುವೆಯ ಮೇಲೆ ಕೇಳಿದ್ದಕ್ಕೆ ಜೋಡಿಸಲಿಲ್ಲ. ನಾವು ಹುಡುಕುತ್ತಿದ್ದವನು ಸತ್ತಿದ್ದಾನೆಂದು ಇಬ್ಬರೂ ಲೆಕ್ಕ ಹಾಕಿಬಿಟ್ಟಿದ್ದೆವು. ನೋಡಿ ಸಾಕ್ಷಿ ಹಾಕುವುದೇ ಕಸುಬಾಗಿರುವ ನಾನು ಅದನ್ನು ಈಗಲೂ ಮರೆತಿಲ್ಲ.

ಕಳೆದ ವರ್ಷ ಬೇಸಿಗೆಯಲ್ಲಿ ಅಜ್ಜನ ಮಗಳು ನನಗೆ ಫೋನು ಮಾಡಿದರು. ಅಂದು ನನ್ನ ನಂಬರು ಬರೆದುಕೊಟ್ಟು ಬಂದಿದ್ದೆ. ಅಪ್ಪ ಹೋದರು ಎಂದರು. "ಹೋಗಾಕೆ ಮುಂಚೆ ಹೇಳಿದ್ರು, ಚನ್ನಗಿರಿಯೋರನ್ನ ಕರೆಸು, ಈ ಸಲ ಬಿಚ್ಚಿ ನೋಡಾಕೆ ಬಿಡು ಅಂತ."

ಹೋದೆವು. ಬರುವವರು ದೂರದವರು, ಅವರ ಮುಂದೆ ಹಳೆಯದನ್ನು ಹೇಗಿಡುವುದು ಎಂದು ಆಕೆ ಹಿಂದಿನ ದಿನವೇ ಮಷೀನಿಗೆ ಬೆಳ್ಳಿ ಬಣ್ಣ ಹೊಡೆಸಿದ್ದರು. ಇನ್ನೂ ಹಸಿಯಾಗಿತ್ತು. ಮಿಸ್ತ್ರಿಯ ಹೆಬ್ಬೆರಳು ಅಂಟಿಕೊಂಡಿತು. ಬೆರಳು ನೋಡಿಕೊಂಡು ನಕ್ಕರು.

"ಯಾಕ್ರಿ, ಚೆನ್ನಾಗಿಲ್ವಾ?" ಎಂದರು ಆಕೆ.

"ಮದುಮಗಳು ಆಗೈತವ್ವಾ. ಸ್ವಲ್ಪ ಕೆರೀತೀನಿ, ಬೇಜಾರು ಮಾಡ್ಕೋಬ್ಯಾಡ."

ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ, ಸಣ್ಣ ಚಾಕುವಿನಿಂದ ಹಿಡಿಯ ಬುಡವನ್ನು ಕೆರೆಯತೊಡಗಿದರು. ಬೆಳ್ಳಿಯ ಕೆಳಗೆ ಹಸಿರು. ಆಕೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳುತ್ತಾ ಹೋದರು. "ಇದು ಕಿಟಕಿಗೆ ತಂದಿದ್ದು. ಆ ನೀಲಿ ನೀವು ಬಂದ ವರ್ಷದ್ದು. ಕೆಂಪು ನಮ್ಮ ಗಾಡಿದು. ಇದು ನನ್ನ ಮಗಳ ಮದುವೆಗೆ ಬಾಗಿಲಿಗೆ ತಂದಿದ್ದು, ನೋಡ್ರಿ ಹೊಳಪು ಹಂಗೇ ಐತೆ. ಅಪ್ಪನೇ ಬಳೀತಿದ್ರು, ಒಂದೇ ಕೈಯಾಗೆ. ನಾನು ಡಬ್ಬಿ ಹಿಡೀತಿದ್ದೆ." ನಾನು ಒಂಬತ್ತರವರೆಗೆ ಎಣಿಸಿದೆ. ಆಮೇಲಿನ ಪದರಗಳು ಒಂದರೊಳಗೊಂದು ಸೇರಿಹೋಗಿದ್ದವು.

ಲೋಹ ಕಂಡಿತು. ಮೂರು ಚುಕ್ಕಿ ಕಂಡವು. ಅವುಗಳೊಳಗೆ ಇನ್ನೂ ಬಣ್ಣ ತುಂಬಿತ್ತು, ಒಂದೊಂದು ಚುಕ್ಕಿಯೂ ಒಂದೊಂದು ಬಣ್ಣ.

ಮಿಸ್ತ್ರಿ ಚಾಕು ಕೆಳಗಿಟ್ಟರು. ಹಟ್ಟಿಯಲ್ಲಿ ಕುರಿಗಳ ಕೆಮ್ಮು ಕೇಳುತ್ತಿತ್ತು. ಆಮೇಲೆ ಬೋಲ್ಟಿನ ತೂತುಗಳಲ್ಲಿದ್ದ ಬಣ್ಣವನ್ನು ಮೊಳೆಯಿಂದ ಬಿಡಿಸಿ, ಗಾರ್ಡನ್ನು ತೆಗೆದು ಕೂರಿಸಿದರು. ಕೂತಿತು. ಒಳಗಿನ ಬ್ರೇಕ್ ಪಟ್ಟಿ, ಸ್ಪ್ರಿಂಗು ಅವರು ಬಿಟ್ಟ ಹಾಗೆಯೇ ಇದ್ದವು. ಎಣ್ಣೆ ಬಿಟ್ಟು ಗಾರ್ಡನ್ನು ಮುಂದಕ್ಕೆ ತಳ್ಳಿದರು. ಟಕ್ ಎಂದಿತು. ಚೈನನ್ನು ಎಳೆದು ನೋಡಿದರು. ಅಲುಗಲಿಲ್ಲ.

"ಅವ್ವಾ" ಎಂದರು. "ಇದನ್ನ ತೆಗೆದೋನು ನಾನು."

"ಗೊತ್ತು" ಎಂದರು ಆಕೆ.

ಮಿಸ್ತ್ರಿ ತಲೆ ಎತ್ತಿದರು.

"ಅವತ್ತು ನೀವು ಹೋದ ಮ್ಯಾಲೆ ಅಪ್ಪ ಹೇಳಿದ್ರು, ಆ ಮಿಸ್ತ್ರಿನೇ ಬಂದಿದ್ದು ಅಂತ. ಹೇಳಬಾರದಿತ್ತಾ ಅಂದೆ. ಕೂಡಿಸಿ ಇಡಾಕೆ ಹುಡುಕ್ತಾನಂತೆ, ಖುಷಿಯಾಗಿದಾನೆ, ಯಾಕೆ ಹೇಳ್ಬೇಕು ಅಂದ್ರು. ಎಡಭುಜಕ್ಕೆ ಹೊಡೆದು ಕೈ ಹೋಗಿ, ನ್ಯಾಮತಿ ಬಿಟ್ಟು ಇಲ್ಲಿಗೆ ಬಂದ್ರೂ ಅಪ್ಪನಿಗೆ ನಿಮ್ಮ ಮ್ಯಾಲೆ ಏನೂ ಇರಲಿಲ್ರಿ. ನೀವು ಬ್ಯಾಡ ಬ್ಯಾಡ ಅಂದ್ರಂತೆ. ನಾನೇ ಜಗಳ ಮಾಡಿ ತೆಗೆಸ್ದೆ ಅಂತಿದ್ರು."

ಆ ಮಾತನ್ನು ಮಿಸ್ತ್ರಿ ಹಿಡಿದುಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಿಡಿದುಕೊಳ್ಳಲಿ ಎಂದು ನಾನು ಬಯಸಿದೆ.

"ಇಲ್ಲವ್ವಾ" ಎಂದರು ಮಿಸ್ತ್ರಿ. "ನಾನು ಬ್ಯಾಡ ಅಂದಿರಲಿಲ್ಲ. ಒಂದು ಮಾತೂ ಹೇಳಲಿಲ್ಲ. ಐದು ನಿಮಿಷದಾಗೆ ಬಿಚ್ಚಿ ಕೊಟ್ಟೆ."

"ಅಪ್ಪ ಹಂಗೇ ಹೇಳ್ತಿದ್ರು."

"ನಿಮ್ಮಪ್ಪ ದೊಡ್ಡೋರು." ನನ್ನ ಕಡೆ ತಿರುಗಿದರು. "ರೈಟ್ರೇ, ಬರೀರಿ."

ಅವರು ಹೇಳಿದಂತೆ ಬರೆದ ಚೀಟಿ ಇದು: ಈ ಮಷೀನಿನ ಗಾರ್ಡನ್ನು ತೆಗೆದವನು ನಾನು. ಬೇಡವೆಂದು ಹೇಳಿರಲಿಲ್ಲ. ಅದರಿಂದ ಇವರ ತಂದೆಯ ಎಡಭುಜಕ್ಕೆ ಪೆಟ್ಟಾಗಿ ಕೈ ಹೋಯಿತು. ಆಮೇಲೆ ಕೇಳಲು ಹೋಗಲಿಲ್ಲ. ಕೇಳಲು ಬಂದ ದಿನವೂ ಕೇಳಲಿಲ್ಲ. ಈ ದಿನ ಗಾರ್ಡನ್ನು ತಿರುಗಿ ಕೂರಿಸಿದ್ದೇನೆ.

ಅವರು ಸಹಿ ಹಾಕಿದರು. ನಾನು ಸಾಕ್ಷಿ ಹಾಕಿದೆ. ಆಕೆ ಪೆನ್ನು ತೆಗೆದುಕೊಂಡು, ಚೀಟಿಯನ್ನು ಎರಡು ಸಲ ಓದಿ, ಪೆನ್ನು ವಾಪಸು ಕೊಟ್ಟರು.

"ನಾನು ಹಾಕಲ್ರಿ. ಹಾಕಿದ್ರೆ ಅಪ್ಪ ಸುಳ್ಳು ಹೇಳಿದಂಗಾಗ್ತೈತೆ."

ಮಷೀನನ್ನು ತೆಗೆದುಕೊಂಡು ಹೋಗಿ ಎಂದರು. ಮಿಸ್ತ್ರಿ ಒಪ್ಪಲಿಲ್ಲ. ಪ್ಲಗ್ ಮಾತ್ರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಮಷೀನನ್ನು ಎರಡೂ ಕೈಯಲ್ಲಿ ಎತ್ತಿ ಗೂಡಿನಲ್ಲಿ ಇಟ್ಟು, ಗಾರ್ಡು ಹೊರಮುಖವಾಗಿರುವಂತೆ ತಿರುಗಿಸಿದರು. ಅಂದಿನಿಂದ ಯಾವ ಊರಿಗೂ ಹೋಗಲಿಲ್ಲ. ಭಾನುವಾರಗಳಲ್ಲಿ ನನ್ನ ಮನೆಗೆ ಬಂದು ನನ್ನಿಂದ ಪೇಪರು ಓದಿಸಿಕೊಳ್ಳುತ್ತಿದ್ದರು. ಆ ವಿಷಯ ನಾವಿಬ್ಬರೂ ಮತ್ತೆ ಎತ್ತಲಿಲ್ಲ. ಹೋದ ತಿಂಗಳು ಒಂದು ಮಧ್ಯಾಹ್ನ ಊಟ ಮಾಡಿ, ಕೈ ತೊಳೆದು, ಗೋಡೆಗೆ ಒರಗಿ ಕೂತವರು ಏಳಲಿಲ್ಲ.

ಮಹಾನವಮಿಗೆ ಇನ್ನು ನಾಲ್ಕು ದಿನ ಇದೆ. ನಿನ್ನೆ ಬೆಳಿಗ್ಗೆ ಶೆಡ್ಡಿನಲ್ಲಿ ಚೀಟಿಗಳನ್ನು ಮಷೀನುಗಳಿಗೆ ತಾಳೆ ನೋಡುತ್ತಿರುವಾಗ ಬಿಳಿಚೋಡಿನಿಂದ ಫೋನು ಬಂತು.

"ರೈಟ್ರೇ, ಹಬ್ಬದ ಬಣ್ಣ ತಂದೀನಿ. ಹಳದಿ. ಆ ಗಾರ್ಡಿಗೂ ಹಚ್ಚಬೇಕೋ ಬ್ಯಾಡವೋ? ಹಚ್ಚಿದ್ರೆ ಮತ್ತೆ ಬಿಗಿದುಕೊಂಡೀತು ಅಂತ ಹೆದರಿಕೆ. ಮಿಸ್ತ್ರಿಯೋರನ್ನ ಒಂದು ಮಾತು ಕೇಳಿ ಹೇಳ್ತೀರಾ?"

ಮಿಸ್ತ್ರಿ ತೀರಿಕೊಂಡದ್ದನ್ನು ಆಕೆಗೆ ಯಾರೂ ತಿಳಿಸಿರಲಿಲ್ಲ. ತಿಳಿಸಬೇಕಾಗಿದ್ದವನು ನಾನು. ಉಪ್ಪಿನಕಾಯಿ ಜಾಡಿ ನನ್ನ ಎದುರಿಗೇ ಇತ್ತು. ಆರು ವರ್ಷ ಪಕ್ಕದಲ್ಲಿ ನಿಂತು ನೋಡಿದ್ದರಿಂದ ಉತ್ತರ ನನಗೆ ಗೊತ್ತಿತ್ತು.

"ಗಾರ್ಡಿಗೆ ಹಚ್ರಿ. ಅದು ಕೂರೋ ಬುಡಕ್ಕೆ, ಬೋಲ್ಟಿಗೆ ಬ್ಯಾಡ. ಮೂರು ಚುಕ್ಕಿ ಮ್ಯಾಲೆ ಬ್ಯಾಡ. ಹಚ್ಚಿ ಒಣಗಿದ ಮ್ಯಾಲೆ ಒಂದು ಸಲ ಮುಂದಕ್ಕೆ ತಳ್ಳಿ ನೋಡ್ರಿ. ಟಕ್ ಅನ್ನಬೇಕು."

"ಮಿಸ್ತ್ರಿಯೋರು ಪಕ್ಕದಾಗೇ ಅದಾರಾ?" ಎಂದರು ಆಕೆ.

ಸುಮಾರು ಅಂತ ಬರೀಬ್ಯಾಡ್ರಿ ಎಂಬ ಮಾತು ನೆನಪಾಯಿತು.

"ಇಲ್ಲವ್ವಾ" ಎಂದೆ. ಮುಂದಿನದನ್ನೂ ಹೇಳಿದೆ.

ಆ ಕಡೆಯಿಂದ ಕುರಿಗಳ ಕೆಮ್ಮು ಕೇಳಿಸಿತು. ಆಮೇಲೆ ಕೇಳಿದರು, "ಆ ಚೀಟಿ ಇನ್ನೂ ನಿಮ್ಮ ಹತ್ರ ಐತಾ?"

"ಐತೆ."

"ಹಬ್ಬ ಕಳೆದ ಮ್ಯಾಲೆ ತಗೊಂಡು ಬರ್ರಿ. ಸಹಿ ಹಾಕ್ತೀನಿ. ಹಂಗೇ ಕೆಳಗೆ ಅಪ್ಪ ಹೇಳಿದ್ದನ್ನೂ ಒಂದು ಸಾಲು ಬರೀರಿ. ಎರಡೂ ಇರಲಿ."